ಗೋಡೆಯ ಮೇಲಿನ ಹಲ್ಲಿ, ಪುಸ್ತಕದೊಳಗಿನ ಕೌಂಟ್

ಬೀದರಿನ ನಮ್ಮ ಹಳೇ ಮನೆಯಲ್ಲಿ ಕರೆಂಟು ಹೋದ ಒಂದು ರಾತ್ರಿ ಮೊದಲ ಸಲ ಬ್ರಾಮ್ ಸ್ಟೋಕರ್‌ನ ‘ಡ್ರಾಕುಲಾ’ ಕಾದಂಬರಿ ಓದುತ್ತಿದ್ದೆ. ಕೋಟೆಯಲ್ಲಿ ಸಿಕ್ಕಿಕೊಂಡ ಜೊನಾಥನ್ ಕಿಟಕಿಯಿಂದ ಬಗ್ಗಿ ನೋಡುತ್ತಾನೆ. ಕೋಟೆಯ ಒಡೆಯ, ರಕ್ತ ಹೀರುವ ಕೌಂಟ್ ಡ್ರಾಕುಲಾ ಗೋಡೆಗೆ ಅಂಟಿಕೊಂಡು, ತಲೆ ಕೆಳಗೆ ಮಾಡಿ, ಹಲ್ಲಿಯ ಹಾಗೆ ಸರಸರ ಇಳಿಯುತ್ತಿದ್ದಾನೆ. ಸರಿಯಾಗಿ ಆಗಲೇ ನಮ್ಮ ಗೋಡೆಯ ಹಲ್ಲಿ ಲೊಚಗುಟ್ಟಿತು. ಪುಸ್ತಕ ಕೈಯಿಂದ ಜಾರಿ ಬಿತ್ತು.

ದಿನಾ ನೋಡುವ ಹಲ್ಲಿ. ಅದು ಲೊಚಗುಟ್ಟಿದರೆ ಅಜ್ಜಿ ನೆಲಕ್ಕೆ ಬೆರಳು ಬಡಿದು ದೇವರ ಹೆಸರು ಹೇಳುತ್ತಿದ್ದಳು, ಅಷ್ಟೇ. ಆ ರಾತ್ರಿ ಮಾತ್ರ ಮೇಣದಬತ್ತಿ ಹತ್ತಿರ ಹಿಡಿದು ಅದರ ಕಾಲನ್ನೇ ನೋಡುತ್ತ ಕೂತೆ. ಬೆರಳ ತುದಿ ಅಗಲ, ತಳದಲ್ಲಿ ಅಡ್ಡ ಮಡಿಕೆಗಳು. ಆ ಮಡಿಕೆಗಳ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳಿರುತ್ತವೆ. ಗೋಡೆಯನ್ನು ಹಿಡಿಯೋದು ಅವೇ. ಮನುಷ್ಯ ಹೀಗೆ ಗೋಡೆ ಹತ್ತಬೇಕಾದರೆ ಅವನ ಮೈಯ ಶೇ. 40ರಷ್ಟು ಭಾಗ ಅಂಟುವಂತಿರಬೇಕು ಎಂದು 2016ರಲ್ಲಿ ಕೇಂಬ್ರಿಡ್ಜ್ ಸಂಶೋಧಕರು ಲೆಕ್ಕ ಕೊಟ್ಟರು. ಅಂದರೆ ಕೌಂಟ್ ಇಳಿಯೋದು ಸಾಧ್ಯವಿಲ್ಲದ ಮಾತು.

ಲೆಕ್ಕ ಗೊತ್ತಾದ ಮೇಲೂ ಆ ಪುಟಕ್ಕೆ ಬಂದಾಗ ನನ್ನ ಎದೆ ಹೊಡೆದುಕೊಳ್ಳುತ್ತದೆ. ಯಾಕೆಂದರೆ ಮೆದುಳಿನ ಆಳದಲ್ಲಿರುವ ಅಮಿಗ್ಡಲಾ ಲೆಕ್ಕಕ್ಕೆ ಕಾಯುವುದಿಲ್ಲ. ಅಪಾಯದ ಸುಳಿವು ಸಿಕ್ಕರೆ ಸಾಕು, ಅಡ್ರಿನಲಿನ್ ಹರಿಯುತ್ತದೆ, ಅಂಗೈ ಬೆವರುತ್ತದೆ. ಹಿಂದೆಯೇ ಮೆದುಳಿನ ಮುಂಭಾಗ ‘ಇದು ಬರೀ ಕಥೆ’ ಎಂದು ಸಮಾಧಾನ ಹೇಳುತ್ತದೆ. ಆ ಎಳೆದಾಟದಲ್ಲೇ ರುಚಿ ಇದೆ. ಡೆನ್ಮಾರ್ಕಿನ ಒಂದು ಭೂತದ ಮನೆಗೆ ಬಂದ 110 ಜನರ ಎದೆಬಡಿತ ಅಳೆದು 2020ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ತೀರಾ ಕಡಿಮೆ ಹೆದರಿದವರಿಗೂ ಖುಷಿಯಿಲ್ಲ, ತೀರಾ ಜಾಸ್ತಿ ಹೆದರಿದವರಿಗೂ ಇಲ್ಲ. ನಡುವಿನ ಹದದಲ್ಲಿದ್ದವರಿಗೇ ಹೆಚ್ಚು ಮಜಾ ಸಿಕ್ಕಿತ್ತು. ಜೋಳದ ರೊಟ್ಟಿ ಜೊತೆಗಿನ ಖಾರದ ಚಟ್ನಿಗೂ ಇದೇ ಹದ ಬೇಕು, ಅಲ್ವಾ?

ಈ ಹದ ಹಿಡಿಯಲು ಬ್ರಾಮ್ ಸ್ಟೋಕರ್‌ಗೆ ಬೇಕಾದ ಸಾಮಾನೆಲ್ಲ ಮನುಷ್ಯರ ಮೈಯಲ್ಲೇ ಸಿಕ್ಕಿತು. ರಕ್ತ ಹೀರುವ ಹೆಣದ ನಂಬಿಕೆ ಅವನಿಗಿಂತ ಬಹಳ ಹಳೆಯದು. 1732ರಲ್ಲಿ ಸೆರ್ಬಿಯಾದ ಮೆಡ್ವೆಜಾ ಎಂಬ ಹಳ್ಳಿಯಲ್ಲಿ ಗೋರಿಗಳನ್ನು ಅಗೆಸಿ, ಆಸ್ಟ್ರಿಯಾ ಸೈನ್ಯದ ವೈದ್ಯ ಫ್ಲೂಕಿಂಗರ್ ವರದಿ ಬರೆದ. ಕೆಲವು ಹೆಣ ಕೊಳೆತಿಲ್ಲ, ರಕ್ತ ಇನ್ನೂ ಹಸಿಯಾಗಿದೆ, ಹೊಸ ಉಗುರು ಬಂದಿದೆ ಎಂದು. ಹಿಂದೊಮ್ಮೆ ಇಂಥ ಒಂದು ಹೆಣವನ್ನು ಅಡಗಿಸಲು ಎದೆಗೆ ಗೂಟ ಬಡಿದಾಗ ಅದು ನರಳಿತ್ತು ಎಂಬ ಮಾತೂ ಅದರಲ್ಲಿದೆ. ಆ ವೈದ್ಯ ಸುಳ್ಳು ಹೇಳಿದ ಅಂತ ನನಗೆ ಅನ್ನಿಸುವುದಿಲ್ಲ. ಚಳಿಗಾಲದ ಮಣ್ಣಲ್ಲಿ ಹೆಣ ನಿಧಾನವಾಗಿ ಕೊಳೆಯುತ್ತದೆ. ಕರುಳಿನ ಬ್ಯಾಕ್ಟೀರಿಯಾ ಗ್ಯಾಸ್ ಮಾಡಿ ಹೊಟ್ಟೆ ಉಬ್ಬಿಸುತ್ತವೆ. ಆ ಒತ್ತಡಕ್ಕೆ ಕೆಂಪು ದ್ರವ ಬಾಯಿ ಮೂಗಿಗೆ ಬರುತ್ತದೆ. ಮೇಲ್ಚರ್ಮ ಸುಲಿದರೆ ಕೆಳಗಿನದು ಹೊಸದರಂತೆ ಕಾಣುತ್ತದೆ. ಗೂಟ ಹೊಕ್ಕಾಗ ಗ್ಯಾಸ್ ಗಂಟಲಿನಿಂದ ಹೊರಬಿದ್ದರೆ ನರಳಿದ ಹಾಗೇ ಕೇಳಿಸುತ್ತದೆ. ಅವನು ಕಂಡದ್ದು ನಿಜ. ಕಾರಣ ಮಾತ್ರ ಆಗ ಯಾರಿಗೂ ಗೊತ್ತಿರಲಿಲ್ಲ.

ಸ್ಟೋಕರ್‌ನ ಕಾದಂಬರಿಯಲ್ಲೂ ಹೀಗೇ ಒಂದು ವಿಷಯ ಯಾರಿಗೂ ಗೊತ್ತಿಲ್ಲ. ಕೌಂಟ್ ರಕ್ತ ಹೀರಿದ್ದರಿಂದ ಸೊರಗುತ್ತಿರುವ ಲೂಸಿ ಎಂಬ ಹುಡುಗಿಗೆ ನಾಲ್ಕು ಗಂಡಸರು ಒಬ್ಬರಾದ ಮೇಲೆ ಒಬ್ಬರು ರಕ್ತ ಕೊಡುತ್ತಾರೆ. ಯಾರೂ ಗುಂಪು ಕೇಳುವುದಿಲ್ಲ. ಕೇಳುವುದಾದರೂ ಹೇಗೆ? ಪುಸ್ತಕ ಬಂದದ್ದು 1897ರಲ್ಲಿ, ವಿಜ್ಞಾನಿ ಲ್ಯಾಂಡ್‌ಸ್ಟೈನರ್ ರಕ್ತದ ಗುಂಪುಗಳನ್ನು ವಿವರಿಸಿದ್ದು 1901ರಲ್ಲಿ. ಕಲಬುರಗಿಯಲ್ಲಿ ರಕ್ತ ಕೊಡಲು ಹೋದಾಗ ನನ್ನ ಗುಂಪು ನೋಡಿದ್ದು ಒಂದು ಬಿಳಿ ಟೈಲ್ ಮೇಲೆ. ನನ್ನ ರಕ್ತದ ಎರಡು ಹನಿಗೆ ಒಂದು ಕಡೆ ಎ ಗುರುತಿಸುವ ನೀಲಿ ದ್ರವ, ಇನ್ನೊಂದು ಕಡೆ ಬಿ ಗುರುತಿಸುವ ಹಳದಿ. ನೀಲಿ ಹನಿ ಹಾಗೇ ಇತ್ತು. ಹಳದಿ ಹನಿಯಲ್ಲಿ ರಕ್ತ ಒಡೆದ ಹಾಲಿನ ಹಾಗೆ ಕಾಳುಕಾಳಾಯಿತು. ಬಿ ಗುಂಪು. ಹೊಂದದ ರಕ್ತ ಹೋದರೆ ಮೈಯೊಳಗೇ ಕಣಗಳು ಹೀಗೆ ಅಂಟಿಕೊಂಡು ಒಡೆಯುತ್ತವೆ, ಜೀವಕ್ಕೇ ಕುತ್ತು. ಅದನ್ನು ಕಣ್ಣಾರೆ ಕಂಡ ಮೇಲೆ ಆ ಅಧ್ಯಾಯದಲ್ಲಿ ನನಗೆ ಕೌಂಟ್‌ನ ಕೋರೆಹಲ್ಲಿಗಿಂತ ವೈದ್ಯರ ಸೂಜಿಯ ಭಯವೇ ಜಾಸ್ತಿ.

ಡ್ರಾಕುಲಾ ಎಂಬ ಹೆಸರು ಸ್ಟೋಕರ್‌ಗೆ ಸಿಕ್ಕಿದ್ದು 1890ರಲ್ಲಿ, ಇಂಗ್ಲೆಂಡಿನ ವಿಟ್ಬಿ ಊರಿನ ಲೈಬ್ರರಿಯ ಒಂದು ಹಳೇ ಪುಸ್ತಕದಲ್ಲಿ. ಅದೇ ಹೆಸರು ಹೊತ್ತಿದ್ದವನು, ಜನರನ್ನು ಶೂಲಕ್ಕೇರಿಸಿದ ದೊರೆ ಮೂರನೇ ವ್ಲಾಡ್. 1456ರಿಂದ 1462ರವರೆಗೆ ಅವನು ಇಂದಿನ ರುಮೇನಿಯಾದಲ್ಲಿರುವ ವಲಾಕಿಯಾ ಆಳುತ್ತಿದ್ದಾಗಲೇ, 1458ರಿಂದ 1461ರವರೆಗೆ, ಬೀದರಿನ ಗದ್ದುಗೆಯಲ್ಲಿ ಕೂತಿದ್ದವನು ಬಹಮನಿ ಸುಲ್ತಾನ ಹುಮಾಯೂನ್. ಚರಿತ್ರೆ ಅವನನ್ನು ‘ಜಾಲಿಮ್’, ಕ್ರೂರಿ, ಎಂದೇ ಕರೆಯಿತು. ಬೀದರಿನ ಹತ್ತಿರದ ಅಷ್ಟೂರಿನಲ್ಲಿ ಅವನ ಗೋರಿ ಇದೆ. ಸಿಡಿಲು ಬಡಿದು ಗುಮ್ಮಟದ ಬಹುಭಾಗ ಕುಸಿದಿದೆ, ಉಳಿದ ತುಂಡು ಕೈಚಾಚಿದ ಹಾಗೆ ಆಕಾಶಕ್ಕೆ ನಿಂತಿದೆ. ಸಾಲಾಗಿ ನಿಂತ ಗೋರಿಗಳಲ್ಲಿ ಕಣ್ಣು ಮೊದಲು ಹೋಗೋದು ಆ ಮುರುಕಿನ ಕಡೆಗೇ.

ಅಣ್ಣನ ಮಗಳನ್ನು ಒಂದು ಸಂಜೆ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಬಾವಲಿಗಳು ಹೊರಡುವ ಹೊತ್ತು. ರಕ್ತ ಕುಡಿಯುವ ಬಾವಲಿಗಳು ಇರೋದು ಅಮೆರಿಕ ಖಂಡಗಳಲ್ಲಿ ಮಾತ್ರ, ಅದೂ ಮೂರೇ ಜಾತಿ, ನಮ್ಮ ಕಡೆ ಒಂದೂ ಇಲ್ಲ ಎಂದು ಹೇಳಿದೆ. ತಲೆಯಾಡಿಸಿದಳು, ನನ್ನ ಕೈ ಮಾತ್ರ ಬಿಡಲಿಲ್ಲ. ಒಂದು ಬಾವಲಿ ತಲೆಯ ಮೇಲೇ ಹಾದುಹೋಯಿತು. ಕಿರುಚಿ ರಸ್ತೆಯವರೆಗೂ ಓಡಿದಳು. ಅಲ್ಲಿ ನಿಂತು ಏದುಸಿರು ಬಿಡುತ್ತಲೇ ಕೇಳಿದಳು, “ಕಾಕಾ, ಇನ್ನೊಂದ್ಸಲ ಹೋಗೋಣ?”