ಕೊಯ್ದದ್ದು ಎಷ್ಟು ಮಿಲಿಮೀಟರ್?

ತಾಯಿ ಕಾರ್ಡ್ ತುಂಬಿಸುವಾಗ ಇದು ಎಷ್ಟನೇ ಬಸಿರು, ಹಿಂದಿನ ಹೆರಿಗೆ ಹೇಗಾಯಿತು, ಗರ್ಭ ಇಳಿದಿತ್ತೇ, ಬಿಪಿ–ಶುಗರ್ ಇದೆಯೇ ಎಂದೆಲ್ಲ ಕೇಳುತ್ತಾರೆ. ಮೂರು ವರ್ಷದ ಹಿಂದೆ ಮೈಸೂರಿಗೋ ಮಂಗಳೂರಿಗೋ ಹೋಗಿ ‘ಗರ್ಭಕೋಶದ ಬಾಯಿಯ ಹುಣ್ಣು’ ತೆಗೆಸಿಕೊಂಡು ಅದೇ ಸಂಜೆ ಬಸ್ಸಿನಲ್ಲಿ ಮಡಿಕೇರಿಗೆ ಮರಳಿದ ಸಂಗತಿ ಸಾಮಾನ್ಯವಾಗಿ ಆ ಮಾತುಕತೆಯಲ್ಲಿ ಬರುವುದಿಲ್ಲ. ಯಾರಾದರೂ ಕೇಳಿದರೂ ‘ಏನೋ ಕರೆಂಟ್ ಕೊಟ್ಟು ಸುಟ್ಟರು’ ಎಂಬಷ್ಟೇ ಉತ್ತರ. ಕೊಯ್ತ ಆಳವಾದಷ್ಟೂ ದಿನ ತುಂಬುವ ಮೊದಲೇ ಹೆರಿಗೆಯಾಗುವ ಅಪಾಯ ಹೆಚ್ಚು. ಸುಟ್ಟದ್ದೋ ಕೊಯ್ದದ್ದೋ, ಕೊಯ್ದಿದ್ದರೆ ಎಷ್ಟು ಆಳ ಎಂಬುದು ಗೊತ್ತಾಗದೆ ಈಗಿನ ಬಸಿರಿನ ಬಗ್ಗೆ ಏನು ಹೇಳಿದರೂ ಅದು ಊಹೆಯೇ.

ಈ ‘ಬಾಯಿ’ಯೇ ಗರ್ಭಕಂಠ, ಅಂದರೆ ಗರ್ಭಕೋಶದ ಕೆಳತುದಿಯ ಕೊರಳು. ಮೂರು–ನಾಲ್ಕು ಸೆಂಟಿಮೀಟರ್ ಉದ್ದ, ಒಳಗೆ ಸಣ್ಣ ದಾರಿ, ಆ ದಾರಿಗೆ ಅಂಟು ಲೋಳೆಯ ಬಿರಡೆ. ಐದಾರು ತಿಂಗಳ ಹೊತ್ತಿಗೆ ಇದರ ಉದ್ದ ಸರಾಸರಿ 35 ಮಿಲಿಮೀಟರ್ ಇರುತ್ತದೆ. ಇದರ ತುದಿಯನ್ನು ಕೊಯ್ದಾಗ ಉದ್ದವಷ್ಟೇ ಕಡಿಮೆಯಾಗುವುದಿಲ್ಲ. ಲೋಳೆ ಸುರಿಸುವ ಗ್ರಂಥಿಗಳಲ್ಲಿ ಒಂದಷ್ಟು ಹೋಗುತ್ತವೆ, ಬಿರಡೆ ತೆಳುವಾಗುತ್ತದೆ, ಸೋಂಕಿಗೆ ಮೇಲೇರಲು ದಾರಿ ಸಲೀಸಾಗುತ್ತದೆ. ಹೊಸದಾಗಿ ಬೆಳೆದ ಜಾಗದಲ್ಲಿ ಮೊದಲಿನ ಬಿಗಿ ಇರುವುದಿಲ್ಲ.

ಕೊಯ್ಯುವ ಅಭ್ಯಾಸ ಶುರುವಾದದ್ದು ಕ್ಯಾನ್ಸರ್ ತಡೆಯಲು. 1925ರಲ್ಲಿ ಜರ್ಮನಿಯ ಹಿನ್ಸೆಲ್‌ಮನ್ ಕಾಲ್ಪೊಸ್ಕೋಪ್ ಎಂಬ ಹಿಗ್ಗಿಸಿ ನೋಡುವ ಉಪಕರಣ ರೂಪಿಸಿದರು. 1943ರಲ್ಲಿ ಅಮೆರಿಕದಲ್ಲಿ ಪಾಪಾನಿಕೊಲಾವ್ ಮತ್ತು ಟ್ರೌಟ್ ಅವರ ಕೃತಿ ಬಂದ ಮೇಲೆ, ಕೊರಳಿನ ಕೋಶಗಳನ್ನು ಸವರಿ ತೆಗೆದು ನೋಡುವ ‘ಪ್ಯಾಪ್ ಸ್ಮಿಯರ್’ ಪರೀಕ್ಷೆ ಲೋಕವೆಲ್ಲ ಹರಡಿತು. ಕ್ಯಾನ್ಸರ್ ಆಗುವ ಮೊದಲೇ ಕೆಟ್ಟ ಕೋಶಗಳು ಸಿಕ್ಕತೊಡಗಿದಾಗ ಆ ಭಾಗವನ್ನು ಶಂಕುವಿನ ಆಕಾರದಲ್ಲಿ ಚಾಕುವಿನಿಂದ ಕೊಯ್ದು ತೆಗೆಯುವುದೇ ಮದ್ದಾಯಿತು. ಇದು ಕೋನ್ ಬಯಾಪ್ಸಿ. ಅರಿವಳಿಕೆ ಬೇಕು, ನೆತ್ತರು ಹೋಗುತ್ತದೆ, ತುಂಡೂ ದೊಡ್ಡದು. 1989ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನ ಪ್ರೆಂಡಿವಿಲ್ ಮತ್ತು ಸಂಗಡಿಗರು ವಿದ್ಯುತ್ ಹರಿಯುವ ಸಣ್ಣ ತಂತಿಕುಣಿಕೆಯಿಂದ ಆ ಭಾಗವನ್ನು ಒಂದೇ ಎಳೆತಕ್ಕೆ ಕತ್ತರಿಸಿ ತೆಗೆಯುವ ವಿಧಾನವನ್ನು ಪ್ರಕಟಿಸಿದರು. ನಮ್ಮ ಆಸ್ಪತ್ರೆಗಳಲ್ಲಿ ಅದಕ್ಕೆ ಲೀಪ್ ಅಥವಾ ಲೆಟ್ಜ್ ಎನ್ನುತ್ತಾರೆ. ಜಾಗಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟರೆ ಹೊರರೋಗಿ ವಿಭಾಗದಲ್ಲೇ ಕೆಲವು ನಿಮಿಷದಲ್ಲಿ ಮುಗಿಯುತ್ತದೆ. ಸುಲಭವಾದದ್ದರಿಂದಲೇ ಎಲ್ಲ ಕಡೆ ನಡೆಯಿತು. ಮುಂದೆ ಮಕ್ಕಳು ಬೇಕೆನ್ನುವವರಿಗೆ ಎಷ್ಟು ಆಳ ತೆಗೆಯಬೇಕು ಎಂಬ ಲೆಕ್ಕ ಬಹಳ ತಡವಾಗಿ ಬಂತು.

2006ರಲ್ಲಿ ಮಾರಿಯಾ ಕಿರ್ಗಿಯು ಮತ್ತು ಸಂಗಡಿಗರು ಅದುವರೆಗಿನ ಅಧ್ಯಯನಗಳನ್ನು ಒಟ್ಟು ಹಾಕಿ, ಕುಣಿಕೆಯಿಂದ ಕೊಯ್ಸಿಕೊಂಡವರಲ್ಲೂ ಅವಧಿಗೆ ಮುನ್ನ ಹೆರಿಗೆಯಾಗುವುದು ಹೆಚ್ಚು ಎಂದು ತೋರಿಸಿದರು. 2016ರಲ್ಲಿ ಅದೇ ತಂಡ ಇನ್ನೂ ದೊಡ್ಡ ಲೆಕ್ಕ ತೆಗೆಯಿತು. ಚಿಕಿತ್ಸೆಯಾದವರಲ್ಲಿ 37 ವಾರಕ್ಕೆ ಮುಂಚೆ ಹೆತ್ತವರು ನೂರಕ್ಕೆ 10.7, ಆಗದವರಲ್ಲಿ 5.4. ಆಳದ ಮೇಲೆ ಬಿಡಿಸಿ ನೋಡಿದರೆ, 10–12 ಮಿಲಿಮೀಟರ್ ಒಳಗಿನ ತುಂಡಿಗೆ ಅಪಾಯ ಸುಮಾರು ಒಂದೂವರೆ ಪಟ್ಟು, ಅದನ್ನು ದಾಟಿದರೆ ಹತ್ತಿರ ಹತ್ತಿರ ಎರಡು ಪಟ್ಟು, 15–17 ದಾಟಿದರೆ ಮೂರು ಪಟ್ಟಿನ ಸಮೀಪ, 20 ದಾಟಿದರೆ ಐದು ಪಟ್ಟಿನ ಸಮೀಪ. ಗಾಬರಿಯಾಗುವ ಮೊದಲು ಅದೇ ಲೆಕ್ಕವನ್ನು ಇನ್ನೊಂದು ಕಡೆಯಿಂದ ಓದಿ: ಚಿಕಿತ್ಸೆಯಾದ ನೂರರಲ್ಲಿ ಸುಮಾರು ತೊಂಬತ್ತು ಮಂದಿ ದಿನ ತುಂಬಿಯೇ ಹೆತ್ತಿದ್ದಾರೆ. ಕೆಟ್ಟ ಕೋಶಗಳಿದ್ದೂ ಏನೂ ಮಾಡಿಸಿಕೊಳ್ಳದ ಹೆಂಗಸರಲ್ಲೂ ಅಪಾಯ ತುಸು ಹೆಚ್ಚೇ ಇತ್ತು, ತಪ್ಪೆಲ್ಲ ಕುಣಿಕೆಯದಲ್ಲ.

ಇನ್ನು ‘ಸುಟ್ಟರು’ ಎಂಬ ಮಾತಿಗೆ ಬರೋಣ. 2016ರ ಕೇಂದ್ರ ಸರ್ಕಾರದ ಮಾರ್ಗಸೂಚಿಯಂತೆ 30ರಿಂದ 65 ವಯಸ್ಸಿನವರಿಗೆ ಐದು ವರ್ಷಕ್ಕೊಮ್ಮೆ ಗರ್ಭಕಂಠಕ್ಕೆ ಅಸಿಟಿಕ್ ಆಮ್ಲ ಸವರಿ ಬೆಳ್ಳಗಾಗುವ ಕಲೆ ನೋಡುವ ಪರೀಕ್ಷೆ ಮಾಡಬೇಕು. ಸಣ್ಣ ಕಲೆ ಕಂಡರೆ ಅನಿಲದಿಂದ ಹೆಪ್ಪುಗಟ್ಟಿಸುತ್ತಾರೆ (ಮೂರು ನಿಮಿಷ ತಂಪು, ಐದು ನಿಮಿಷ ಬಿಡುವು, ಮತ್ತೆ ಮೂರು ನಿಮಿಷ), ಇಲ್ಲವೇ ನೂರು ಡಿಗ್ರಿ ದಾಟಿದ ಬಿಸಿತುದಿಯನ್ನು ಅರ್ಧ ನಿಮಿಷದ ಒಳಗೆ ಒತ್ತಿ ತೆಗೆಯುತ್ತಾರೆ. ಇವೆರಡರಲ್ಲೂ ತುಂಡು ಹೊರಗೆ ಬರುವುದಿಲ್ಲ; ಕುಣಿಕೆಯ ಕೊಯ್ತಕ್ಕೆ ಹೋಲಿಸಿದರೆ ಮುಂದಿನ ಬಸಿರಿಗೆ ಇವುಗಳಿಂದ ಕಾಟ ಕಡಿಮೆ. ಪ್ಯಾಪ್ ಸ್ಮಿಯರ್, ಚಿವುಟಿ ತೆಗೆದ ಬಯಾಪ್ಸಿ ಲೆಕ್ಕಕ್ಕೇ ಇಲ್ಲ. ಕುಣಿಕೆಯಿಂದಲೋ ಚಾಕುವಿನಿಂದಲೋ ಕೊಯ್ದ ತುಂಡನ್ನು ಡಬ್ಬಿಯಲ್ಲಿ ಹಾಕಿ ಲ್ಯಾಬಿಗೆ ಕಳಿಸಿದ್ದರೆ ಮಾತ್ರ ಅಳತೆಯ ಪ್ರಶ್ನೆ.

ಆ ಅಳತೆ ಇರುವುದು ಹಿಸ್ಟೊಪೆಥಾಲಜಿ (ಬಯಾಪ್ಸಿ) ವರದಿಯ ಮೊದಲ ಪ್ಯಾರಾದಲ್ಲಿ. ‘22 x 18 x 12 ಮಿ.ಮೀ.’ ಎಂಬಂತೆ ಮೂರು ಸಂಖ್ಯೆ ಬರೆದಿರುತ್ತಾರೆ. ಯಾವುದು ಆಳ ಎಂದು ತಿಳಿಸಿರದಿದ್ದರೆ ನೀವೇ ಅರ್ಥ ಹಚ್ಚಬೇಡಿ, ವೈದ್ಯರಿಗೆ ತೋರಿಸಿ. ಕೆಡದಂತೆ ಹಾಕಿಡುವ ಫಾರ್ಮಾಲಿನ್ ದ್ರಾವಣದಲ್ಲಿ ತುಂಡು ತುಸು ಕುಗ್ಗುವುದರಿಂದ ನಿಜದ ಆಳ ಸ್ವಲ್ಪ ಹೆಚ್ಚೇ ಇದ್ದೀತು. ವರದಿ ಕಳೆದಿದ್ದರೆ ಆಸ್ಪತ್ರೆಯ ನಂಬರ್, ತಾರೀಖು ಕೊಟ್ಟು ಪ್ರತಿ ಕೇಳಿ. ಬಸಿರಾಗುವ ಮೊದಲೇ ಇದನ್ನು ಮಾಡಿಕೊಂಡರೆ ಒಳ್ಳೆಯದು. ಕೊಯ್ಸಿಕೊಂಡ ಮೇಲೆ ಆರು ತಿಂಗಳಾದರೂ ಬಿಟ್ಟು ಬಸಿರಾಗುವುದೂ ಒಳ್ಳೆಯದು, ಅಷ್ಟರಲ್ಲಿ ಗಾಯ ಮಾಗಿ ಕೊರಳು ಸ್ವಲ್ಪ ಮಟ್ಟಿಗೆ ಮತ್ತೆ ಬೆಳೆಯುತ್ತದೆ.

ಸಡಿಲ ಕೊರಳನ್ನು ಬಿಗಿಯುವ ಹೊಲಿಗೆಯ ಕತೆಗೆ ಮೂಲ ನಮ್ಮ ದೇಶದಲ್ಲೇ ಇದೆ. ಗೋವಾ ಮೂಲದ ವಿಠ್ಠಲ ನಾಗೇಶ ಶಿರೋಡ್ಕರ್ ಮುಂಬೈಯಲ್ಲಿ ಹೆಸರಾದ ಪ್ರಸೂತಿ ತಜ್ಞರು. ನಾಲ್ಕೈದು ತಿಂಗಳಿಗೆ ನೋವೇ ಇಲ್ಲದೆ ಬಾಯಿ ಬಿಟ್ಟು ಮತ್ತೆ ಮತ್ತೆ ಗರ್ಭ ಕಳೆದುಕೊಳ್ಳುವವರಿಗೆ, ಬಸಿರಿನಲ್ಲೇ ಕೊರಳಿನ ಸುತ್ತ ಪಟ್ಟಿ ಬಿಗಿಯುವ ಶಸ್ತ್ರಕ್ರಿಯೆಯನ್ನು 1955ರಲ್ಲಿ ಮದ್ರಾಸಿನ ‘ದಿ ಆ್ಯಂಟಿಸೆಪ್ಟಿಕ್’ ಪತ್ರಿಕೆಯಲ್ಲಿ ಬರೆದರು. ಮೊದಮೊದಲು ಆ ಪಟ್ಟಿಗೆ ರೋಗಿಯದೇ ತೊಡೆಯ ಸ್ನಾಯುಪೊರೆಯಿಂದ ಸೀಳಿ ತೆಗೆದ ಎಳೆ ಬಳಸುತ್ತಿದ್ದರು. 1957ರಲ್ಲಿ ಮೆಲ್ಬರ್ನ್‌ನ ಇಯಾನ್ ಮ್ಯಾಕ್‌ಡೊನಾಲ್ಡ್ ಸಲೀಸು ದಾರಿ ತೋರಿದರು: ಮೂತ್ರಕೋಶವನ್ನು ಸರಿಸದೆ, ಚೀಲದ ಬಾಯಿಗೆ ದಾರ ಪೋಣಿಸಿ ಜಗ್ಗಿದ ಹಾಗೆ. ಇಂದು ಹೆಚ್ಚಾಗಿ ಹಾಕುವುದು ಇದನ್ನೇ. ಶಿರೋಡ್ಕರರದು ಇನ್ನೊಂದು ಕೊಡುಗೆಯೂ ಇದೆ, ಅದಕ್ಕೆ ಸಲ್ಲಬೇಕಾದಷ್ಟು ಹೆಸರು ಸಂದಿಲ್ಲ. ಗರ್ಭಕೋಶ ಜಾರಿದವರಿಗೆ ಆಗ ಮಾಡುತ್ತಿದ್ದ ಶಸ್ತ್ರಕ್ರಿಯೆಯಲ್ಲಿ ಕೊರಳನ್ನೇ ಕತ್ತರಿಸಿ ಹಾಕುತ್ತಿದ್ದರು. ಇನ್ನೂ ಹೆರಬೇಕಾದವರಿಗೆ ಕೊರಳು ಉಳಿಸುವ ಬದಲಿ ದಾರಿಯನ್ನು ಅವರು ರೂಪಿಸಿದರು. ಯೋನಿಯ ಕಡೆಯಿಂದ ಹೊಲಿಯಲು ಕೊರಳೇ ಉಳಿಯದವರಿಗೆ ಹೊಟ್ಟೆಯ ಕಡೆಯಿಂದ ಬಿಗಿಯುವ ಕ್ರಮ 1965ರಲ್ಲಿ ಬಂತು. ಅದಾದವರಿಗೆ ಹೆರಿಗೆ ಸಿಸೇರಿಯನ್ನೇ.

ಹೊಲಿಗೆ ಬಂದು ನಲವತ್ತು ವರ್ಷವಾದರೂ ಯಾರಿಗೆ ಬೇಕು ಎಂಬುದು ಅಂದಾಜಿನ ಮೇಲೆ ನಡೆಯುತ್ತಿತ್ತು. 1993ರಲ್ಲಿ ಪ್ರಕಟವಾದ 1292 ಹೆಂಗಸರ ಬ್ರಿಟನ್ ಮುಂದಾಳತ್ವದ ಪ್ರಯೋಗದಲ್ಲಿ 25 ಮಂದಿಗೆ ಹಾಕಿದರೆ ಒಬ್ಬಳಿಗೆ ಉಪಯೋಗ ಎಂಬ ಲೆಕ್ಕ ಬಂತು. 1996ರಲ್ಲಿ ಅಮೆರಿಕದ ಅಯಾಮ್ಸ್ ಮತ್ತು ಸಂಗಡಿಗರು 2915 ಬಸುರಿಯರ ಕೊರಳನ್ನು ಒಳಗಿನ ಸ್ಕ್ಯಾನಿನಿಂದ ಅಳೆದು, ಕೊರಳು ಗಿಡ್ಡವಾದಷ್ಟೂ ಬೇಗ ಹೆರಿಗೆಯಾಗುತ್ತದೆ ಎಂದು ತೋರಿಸಿದರು. 25 ಮಿಲಿಮೀಟರ್ ಎಂಬ ಗೆರೆ ಅಲ್ಲಿಂದ ಗಟ್ಟಿಯಾಯಿತು. ಹಾಗಾಗಿ ಈಗ ಮೊದಲು ಅಳೆಯುತ್ತಾರೆ, ಆಮೇಲೆ ಹೊಲಿಗೆಯ ಮಾತು.

ಅಳೆಯುವ ಕ್ರಮ ಸರಿಯಿಲ್ಲದಿದ್ದರೆ ಸಂಖ್ಯೆಗೆ ಬೆಲೆಯಿಲ್ಲ. ಹೊಟ್ಟೆಯ ಮೇಲಿನ ಸ್ಕ್ಯಾನಿಗೆ ನೀರು ಕುಡಿದು ಮೂತ್ರ ತಡೆದು ಬನ್ನಿ ಎನ್ನುತ್ತಾರಲ್ಲ, ಇದಕ್ಕೆ ತದ್ವಿರುದ್ಧ. ವಿರಾಜಪೇಟೆಯಿಂದ ಬಸ್ಸಿನುದ್ದಕ್ಕೂ ಬಾಟಲಿ ನೀರು ಕುಡಿದು ಬಂದವರು ಮೊದಲು ಶೌಚಾಲಯಕ್ಕೆ ಹೋಗಿಬರಬೇಕು. ತುಂಬಿದ ಮೂತ್ರಕೋಶ ಕೊರಳನ್ನು ಒತ್ತಿ ಉದ್ದ ತೋರಿಸುತ್ತದೆ. ಯೋನಿಯೊಳಗೆ ಇಡುವ ಸಪೂರ ಪ್ರೋಬನ್ನು ಗಟ್ಟಿಯಾಗಿ ಒತ್ತಿದರೂ ಅದೇ ಸುಳ್ಳು ಉದ್ದ. ಚಿತ್ರ ಸ್ಪಷ್ಟವಾದ ಮೇಲೆ ಪ್ರೋಬನ್ನು ತುಸು ಹಿಂದಕ್ಕೆ ತೆಗೆದು, ಮತ್ತೆ ಮೆಲ್ಲಗೆ ತಾಗಿಸಿ, ಮೂರರಿಂದ ಐದು ನಿಮಿಷ ನೋಡಬೇಕು. ಒಳಬಾಯಿಯಿಂದ ಹೊರಬಾಯಿವರೆಗೆ ಮೂರು ಸಲ ಅಳೆದು ಇದ್ದದ್ದರಲ್ಲಿ ಕಡಿಮೆಯದನ್ನು ಬರೆಯಬೇಕು. ಒಳಬಾಯಿ ಲಾಳಿಕೆಯಂತೆ ತೆರೆದಿದ್ದರೆ ಮುಚ್ಚಿರುವ ಭಾಗವಷ್ಟೇ ಲೆಕ್ಕಕ್ಕೆ. ಎರಡು ನಿಮಿಷದಲ್ಲಿ ಮುಗಿಸಿ ‘ಸರ್ವಿಕ್ಸ್ ನಾರ್ಮಲ್’ ಎಂದಷ್ಟೇ ಬರೆದ ವರದಿ ಇಂಥವರಿಗೆ ಸಾಲದು, ಮಿಲಿಮೀಟರ್ ಬರೆಸಿಕೊಳ್ಳಿ. ಪ್ರೋಬಿನಿಂದ ಮಗುವಿಗೆ ಏನೂ ಆಗುವುದಿಲ್ಲ. ಇದೂ ಗರ್ಭಿಣಿಯ ಸ್ಕ್ಯಾನೇ ಆದ್ದರಿಂದ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯ ‘ಫಾರ್ಮ್ ಎಫ್’ ತುಂಬಲೇಬೇಕು, ಗುರುತಿನ ಚೀಟಿ ಮರೆಯಬೇಡಿ.

ಯಾವಾಗ ಅಳೆಸಬೇಕು? 10 ಮಿಲಿಮೀಟರಿಗಿಂತ ಆಳದ ಕುಣಿಕೆ, ಎರಡು ಸಲದ ಕುಣಿಕೆ, ಚಾಕುವಿನ ಕೋನ್ ಇವುಗಳಲ್ಲಿ ಒಂದಾದರೂ ಆಗಿದ್ದವರಿಗೆ ಬ್ರಿಟನ್ನಿನ ಪದ್ಧತಿಯಲ್ಲಿ 18ರಿಂದ 22 ವಾರದೊಳಗೆ ಒಮ್ಮೆಯಾದರೂ ಅಳೆಯುತ್ತಾರೆ. ಅದರ ಜೊತೆಗೆ ಹಿಂದೆ ನಾಲ್ಕೈದು ತಿಂಗಳಿಗೆ ಗರ್ಭ ಹೋಗಿದ್ದರೆ ಅಥವಾ 34 ವಾರಕ್ಕೆ ಮುಂಚೆ ಹೆರಿಗೆಯಾಗಿದ್ದರೆ 16ರಿಂದ 24 ವಾರದವರೆಗೆ ಎರಡು–ನಾಲ್ಕು ವಾರಕ್ಕೊಮ್ಮೆ. ನಮ್ಮಲ್ಲಿ 18–20 ವಾರದ ಅನಾಮಲಿ ಸ್ಕ್ಯಾನ್ (ಮಗುವಿನ ಅಂಗಾಂಗ ನೋಡುವುದು) ಹೇಗೂ ಆಗುತ್ತದೆ; ಅಂದೇ ಒಳಗಿನ ಅಳತೆಯನ್ನೂ ಕೇಳಿದರೆ ಇನ್ನೊಂದು ಪ್ರಯಾಣ ಉಳಿಯುತ್ತದೆ.

25ಕ್ಕಿಂತ ಮೇಲಿದ್ದರೆ ಮದ್ದೇನೂ ಬೇಡ. ಕೆಳಗಿದ್ದರೆ ಸಾಮಾನ್ಯವಾಗಿ ಮೊದಲು ಪ್ರೊಜೆಸ್ಟರಾನ್ ಎಂಬ ಹಾರ್ಮೋನು: 200 ಮಿಲಿಗ್ರಾಂ ಗುಳಿಗೆ, ರಾತ್ರಿ ಮಲಗುವಾಗ ಯೋನಿಯಲ್ಲಿ, 34 ವಾರದವರೆಗಾದರೂ. 2007ರ ಲಂಡನ್ ತಂಡದ ಪ್ರಯೋಗದಲ್ಲಿ ಕೊರಳು 15 ಮಿಲಿಮೀಟರ್ ಅಥವಾ ಅದಕ್ಕಿಂತ ಗಿಡ್ಡವಿದ್ದವರಲ್ಲಿ 34 ವಾರಕ್ಕೆ ಮುಂಚಿನ ಹೆರಿಗೆ ನೂರಕ್ಕೆ 34.4 ಇದ್ದದ್ದು ಗುಳಿಗೆಯಿಂದ 19.2ಕ್ಕೆ ಇಳಿಯಿತು. ವಾರಕ್ಕೊಮ್ಮೆ ಸೊಂಟಕ್ಕೆ ಚುಚ್ಚುವ ಹೈಡ್ರಾಕ್ಸಿಪ್ರೊಜೆಸ್ಟರಾನ್ ಬೇರೆಯದೇ ಔಷಧ. ಉಪಯೋಗ ಸಾಬೀತಾಗಲಿಲ್ಲವೆಂದು ಅಮೆರಿಕ 2023ರಲ್ಲಿ ಅದರ ಅನುಮತಿ ಹಿಂಪಡೆಯಿತು. ನಮ್ಮಲ್ಲಿ ಈಗಲೂ ಬರೆಯುವವರಿದ್ದಾರೆ. ಬರೆದರೆ ಏಕೆಂದು ಕೇಳುವುದು ಅಧಿಕಪ್ರಸಂಗವಲ್ಲ.

ಕೊರಳಿಗೆ ಹಿಂದೆ (ಕುಣಿಕೆ, ಕೋನ್‌ಗಳಿಂದಲೂ ಸೇರಿ) ಪೆಟ್ಟಾಗಿದ್ದು, 24 ವಾರದೊಳಗೆ ಉದ್ದ 25ಕ್ಕೆ ಇಳಿದವರಿಗೆ ಹೊಲಿಗೆಯೂ ಆಯ್ಕೆಯಲ್ಲಿದೆ. ಸೊಂಟಕ್ಕೆ ಅರಿವಳಿಕೆ ಕೊಟ್ಟು, 5 ಮಿಲಿಮೀಟರ್ ಅಗಲದ ಮರ್ಸಿಲೀನ್ ಪಟ್ಟಿಯನ್ನೋ ಗಟ್ಟಿ ದಾರವನ್ನೋ ಕೊರಳಿನ ಸುತ್ತ ನಾಲ್ಕೈದು ಕಡೆ ಆದಷ್ಟು ಮೇಲಕ್ಕೆ ಪೋಣಿಸಿ ಗಂಟು ಬಿಗಿಯುತ್ತಾರೆ. ತುದಿಯನ್ನು ಉದ್ದಕ್ಕೆ ಬಿಟ್ಟಿರುತ್ತಾರೆ, ಬಿಚ್ಚುವಾಗ ಹಿಡಿಯಲು. ಕುಣಿಕೆಯಿಂದ ಮೋಟಾದ ಕೊರಳಲ್ಲಿ ಸೂಜಿಗೆ ಹಿಡಿತ ಸಿಗದಿರುವುದೇ ಇಲ್ಲಿನ ದೊಡ್ಡ ತೊಡಕು. ಕೆಳಗೆ ಬಿದ್ದ ಹೊಲಿಗೆ ಕೊರಳನ್ನು ಸೀಳಿಕೊಂಡು ಜಾರುತ್ತದೆ. ಸೋಂಕು, ನೆತ್ತರು, ನೋವು, ನೀರು ಒಡೆದಿರುವುದು ಇವುಗಳಲ್ಲಿ ಒಂದಿದ್ದರೂ ಹಾಕಬಾರದು. ಅವಳಿ ಬಸಿರಿಗೆ ಬರೀ ಉದ್ದ ನೋಡಿ ಹಾಕುವ ರೂಢಿಯೂ ಒಳ್ಳೆಯದಲ್ಲ. ಬಿಚ್ಚುವುದು 36–37 ವಾರಕ್ಕೆ, ಸಾಮಾನ್ಯವಾಗಿ ಅರಿವಳಿಕೆ ಇಲ್ಲದೆ.

ಇನ್ನು ಹಾಸಿಗೆ. ‘ಸ್ಟಿಚ್ ಹಾಕಿದೆ, ಹೆರಿಗೆವರೆಗೆ ಏಳಬೇಡ’ ಎಂದು ಕೂರಿಸುವುದರಿಂದ ಗರ್ಭ ಉಳಿದದ್ದಕ್ಕೆ ಪುರಾವೆಯಿಲ್ಲ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಮಾತ್ರ ಹೆಚ್ಚುತ್ತದೆ. ಕಾಫಿ ಕೊಯ್ಲಿನಲ್ಲಿ ಚೀಲ ಹೊರುವುದು, ಏಣಿ ಹತ್ತುವುದು ಬೇಡ. ಅಡುಗೆಮನೆ, ಅಂಗಳದ ಓಡಾಟಕ್ಕೆ ಅಡ್ಡಿಯಿಲ್ಲ. ಲೈನ್‌ಮನೆಯಲ್ಲಿದ್ದು ದಿನಗೂಲಿಗೆ ಹೋಗುವವಳಿಗೆ ನಾಲ್ಕು ತಿಂಗಳು ಮಲಗು ಎನ್ನುವುದಕ್ಕಿಂತ ತೋಟದ ಮೇಸ್ತ್ರಿಗೆ ಹೇಳಿ ಹಗುರ ಕೆಲಸ ಕೊಡಿಸುವುದು ಮೇಲು.

ಕೊಡಗಿನಲ್ಲಿ ಈ ವಾರಗಳ ಲೆಕ್ಕಕ್ಕೆ ಮಳೆಯ ಲೆಕ್ಕವೂ ಸೇರುತ್ತದೆ. ಕೊನೆಯ ಮುಟ್ಟು ಫೆಬ್ರವರಿ 15ಕ್ಕೆ ಆಗಿದ್ದರೆ 16 ವಾರ ತುಂಬುವುದು ಜೂನ್ 7ರ ಸುಮಾರಿಗೆ, 24 ವಾರ ಆಗಸ್ಟ್ 2ರ ಸುಮಾರಿಗೆ. ಅಳತೆ ಬೇಕಾದ ಎಂಟು ವಾರವೂ ಗಾಳಿಮಳೆಯಲ್ಲೇ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡ ಜರಿದು ಮಡಿಕೇರಿ–ಸಂಪಾಜೆ ರಸ್ತೆ ಮುಚ್ಚಿದಾಗ ಮಂಗಳೂರಿನ ದಾರಿಯೇ ಇರಲಿಲ್ಲ. ಮೈಸೂರು 120 ಕಿಲೋಮೀಟರ್ ಆಸುಪಾಸು, ಮಂಗಳೂರು ಇನ್ನೂ ದೂರ, ರೈಲಿಲ್ಲ. ಆದ್ದರಿಂದ ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಏನು ಆಗುತ್ತದೆ, ಯಾವುದಕ್ಕೆ ಮೈಸೂರಿನ ಚೆಲುವಾಂಬ ಅಥವಾ ಮಂಗಳೂರಿನ ಲೇಡಿ ಗೋಷನ್ ಆಸ್ಪತ್ರೆಗೆ ಕಳಿಸುತ್ತಾರೆ ಎಂದು 12 ವಾರದೊಳಗೇ ಕೇಳಿಟ್ಟುಕೊಳ್ಳಬೇಕು. ಕೊರಳು ಗಿಡ್ಡವೆಂದು ಗೊತ್ತಾದ ಮೇಲೆ ಜುಲೈ ಮಳೆಯಲ್ಲಿ ಭಾಗಮಂಡಲದಾಚೆ ಒಂಟಿ ಮನೆಯಲ್ಲಿ ಉಳಿಯುವುದಕ್ಕಿಂತ ಕುಶಾಲನಗರದ ನೆಂಟರ ಮನೆ ವಾಸಿ.

ಕೆಳಹೊಟ್ಟೆ ಜಗ್ಗಿದಂತಾಗುವುದು, ಬಿಟ್ಟು ಬಿಟ್ಟು ಬರುವ ಸೊಂಟನೋವು, ನೀರಿನಂತೆ ಅಥವಾ ನಸುಗೆಂಪಾಗಿ ಹೋಗುವುದು – ಇಂಥದ್ದಾದರೆ ಬೆಳಗಾಗಲಿ ಎಂದು ಕಾಯಬೇಡಿ, 108ಕ್ಕೆ ಕರೆ ಮಾಡಿ. 24ರಿಂದ 34 ವಾರದೊಳಗೆ ಹೆರಿಗೆ ನೋವು ಶುರುವಾದರೆ ಮಗುವಿನ ಶ್ವಾಸಕೋಶ ಬಲಿಯಲು ಡೆಕ್ಸಾಮೆಥಾಸೋನ್ 6 ಮಿಲಿಗ್ರಾಂನಂತೆ 12 ಗಂಟೆಗೊಮ್ಮೆ ನಾಲ್ಕು ಸಲ ಚುಚ್ಚುತ್ತಾರೆ. 2014ರ ಕೇಂದ್ರದ ಮಾರ್ಗಸೂಚಿಯಂತೆ ದೊಡ್ಡಾಸ್ಪತ್ರೆಗೆ ಕಳಿಸುವ ಮೊದಲು ಮೊದಲ ಚುಚ್ಚುಮದ್ದನ್ನು ಎಎನ್‌ಎಂ (ಹಳ್ಳಿಯ ಆರೋಗ್ಯ ಸಹಾಯಕಿ) ಕೂಡ ಕೊಡಬಹುದು. ಘಾಟಿ ಇಳಿಯುವ ಮೊದಲೇ ಅದು ಬಿದ್ದಿರಬೇಕು.

ಏಳನೇ ತಿಂಗಳಿಗೆ ತವರಿಗೆ ಹೋಗುವಾಗ ಆಸ್ಪತ್ರೆಯೂ ಬದಲಾಗುತ್ತದೆ. ಹೊಲಿಗೆ ಹಾಕಿದ ದಿನ, ಎಷ್ಟು ಹೊಲಿಗೆ, ಗಂಟು ಮುಂದಿದೆಯೋ ಹಿಂದಿದೆಯೋ, ಬಿಚ್ಚಬೇಕಾದ ವಾರ ಇಷ್ಟನ್ನು ತಾಯಿ ಕಾರ್ಡಿನ ಮೊದಲ ಪುಟದಲ್ಲೇ ಕೆಂಪು ಶಾಯಿಯಲ್ಲಿ ಬರೆಸಿ, ಹಳೆಯ ಬಯಾಪ್ಸಿ ವರದಿಯ ಜೆರಾಕ್ಸನ್ನು ಅದೇ ಪ್ಲಾಸ್ಟಿಕ್ ಕವರಿನಲ್ಲಿಡಿ. ದಾರ ಒಳಗಿರುವಾಗಲೇ ನೋವು ಬಂದರೆ ಕೊರಳು ಹರಿಯಬಹುದು. ಎದುರಿಗೆ ಸಿಕ್ಕ ಮೊದಲ ನರ್ಸಿಗೆ ಹೇಳಬೇಕಾದ ಮೊದಲ ಮಾತು ‘ಹೊಲಿಗೆ ಇದೆ, ಬಿಚ್ಚಿಲ್ಲ’.