ದತ್ತಕ ಪತ್ರದಿಂದ ಕೇರಿಂಗ್ಸ್‌ವರೆಗೆ: ದತ್ತು ಕಡತ ದಪ್ಪವಾದ ಬಗೆ

ಮಗುವನ್ನು ದತ್ತು ಪಡೆಯಬೇಕೆಂದು ನಿರ್ಧರಿಸಿದ ದಂಪತಿ ಇಂದು ಮೊದಲು ಹೋಗಬೇಕಾದದ್ದು ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರದ, ಅಂದರೆ ‘ಕಾರಾ’ದ, ಕೇರಿಂಗ್ಸ್ ಪೋರ್ಟಲ್‌ಗೆ. ಅಲ್ಲಿ ಹೆಸರು ನೋಂದಾಯಿಸಿದ 30 ದಿನಗಳೊಳಗೆ ಪ್ಯಾನ್, ಜನನ ದಾಖಲೆ, ವಾಸಸ್ಥಳದ ದಾಖಲೆ, ಆದಾಯದ ದಾಖಲೆ, ಮದುವೆ ಪ್ರಮಾಣಪತ್ರ, ಗಂಭೀರ ಕಾಯಿಲೆಗಳಿಲ್ಲವೆಂಬ ವೈದ್ಯರ ಪತ್ರ ಇತ್ಯಾದಿಗಳನ್ನು ಏರಿಸಬೇಕು. ಕೇಳಲು ಇದು ಸುಲಭ. ಆದರೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಒಂದಕ್ಷರದ ಇನಿಶಿಯಲ್, ಆಧಾರ್‌ನಲ್ಲಿ ತಂದೆಯ ಪೂರ್ತಿ ಹೆಸರು, ಪ್ಯಾನ್‌ನಲ್ಲಿ ಊರಿನ ಹೆಸರು ಸೇರಿಕೊಂಡಿರುವ ನಮ್ಮ ಕಡೆಯ ಅಸಂಖ್ಯ ಜನರಿಗೆ ‘ಈ ಮೂವರೂ ಒಬ್ಬರೇ’ ಎಂದು ನೋಟರಿಯ ಮುಂದೆ ಪ್ರಮಾಣ ಮಾಡುವುದೇ ಮೊದಲ ಕೆಲಸವಾಗುತ್ತದೆ. ಕರ್ನಾಟಕದಲ್ಲಿ ಅಂಥ ಅಫಿಡವಿಟ್ಟಿನ ಛಾಪಾ ಕಾಗದದ ಬೆಲೆ 2023ರ ಕೊನೆಯಲ್ಲಿ ಬಂದ ತಿದ್ದುಪಡಿಯಿಂದ 20 ರೂಪಾಯಿಯಿಂದ 100 ರೂಪಾಯಿಗೆ ಏರಿತು.

ಇಷ್ಟೊಂದು ಕಾಗದ ಏಕೆ ಎಂಬ ಪ್ರಶ್ನೆಗೆ ಇಲಾಖೆಗಳ ಜಡತ್ವವನ್ನು ದೂರಿ ಸುಮ್ಮನಾಗುವುದು ಸುಲಭ. ಇತಿಹಾಸ ನೋಡಿದರೆ, ಕಡತದ ಒಂದೊಂದು ಹಾಳೆಯೂ ದತ್ತಿನ ಹೆಸರಿನಲ್ಲಿ ಹಿಂದೆ ನಡೆದ ಯಾವುದೋ ಒಂದು ಅನ್ಯಾಯದ ನಂತರ ಸೇರಿಕೊಂಡದ್ದು ಎಂಬುದು ಕಾಣುತ್ತದೆ.

ದತ್ತಕದ ಕಾಗದವನ್ನು ಸರ್ಕಾರ ಒಪ್ಪಬೇಕೆಂಬ ಸಂಕಟ ಕನ್ನಡ ನಾಡಿಗೆ ಬಹಳ ಹಳೆಯದು. 1824ರಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರ ಸರ್ಜ ಮಕ್ಕಳಿಲ್ಲದೆ ತೀರಿಕೊಂಡಾಗ, ಶಿವಲಿಂಗಪ್ಪ ಎಂಬ ಬಾಲಕನನ್ನು ದತ್ತು ತೆಗೆದುಕೊಂಡದ್ದನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಮಾನ್ಯ ಮಾಡಲಿಲ್ಲ. ಆ ವರ್ಷದ ಅಕ್ಟೋಬರ್ 23ರ ಕಿತ್ತೂರು ಕದನದಲ್ಲಿ ಥ್ಯಾಕರೆಯೇ ಸತ್ತ. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರೂ ಬ್ರಿಟಿಷರ ಮನ್ನಣೆ ಸಿಕ್ಕಿದ್ದು 1867ರಲ್ಲಿ. ಅರಮನೆಯಲ್ಲಾಗಲಿ ಹೊಲಮನೆಯಲ್ಲಾಗಲಿ ಆಗ ಪ್ರಶ್ನೆ ಇದ್ದುದು ವಾರಸುದಾರಿಕೆಯದು: ಆಸ್ತಿ ಯಾರಿಗೆ, ಪಿಂಡ ಇಡುವವರು ಯಾರು? ಆದ್ದರಿಂದಲೇ ಶಾಸ್ತ್ರಸಮ್ಮತ ದತ್ತಕ ಎಂದರೆ ಬಹುಮಟ್ಟಿಗೆ ಗಂಡುಮಗುವಿನ ದತ್ತಕವಾಗಿತ್ತು. ಮಗುವಿನ ಹಿತಕ್ಕೆಂದು ಯಾರೂ ಕಾಗದ ಬರೆಯುತ್ತಿರಲಿಲ್ಲ.

1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ಹೆಣ್ಣುಮಗುವನ್ನು ದತ್ತು ಪಡೆಯಲು ಸ್ಪಷ್ಟವಾದ ಅವಕಾಶ ಕೊಟ್ಟಿತು. ದತ್ತು ಕೊಡುವುದಕ್ಕಾಗಲಿ ಪಡೆಯುವುದಕ್ಕಾಗಲಿ ಹಣದ ವ್ಯವಹಾರ ನಡೆಯಕೂಡದೆಂದು ನಿಷೇಧಿಸಿ, ಮೀರಿದವರಿಗೆ ಆರು ತಿಂಗಳವರೆಗೆ ಸೆರೆಮನೆ ಶಿಕ್ಷೆ ಇಟ್ಟಿತು. ಆದರೂ ಅದರ ಮೂಲ ಸ್ವಭಾವ ಎರಡು ಕುಟುಂಬಗಳ ನಡುವಿನ ಒಪ್ಪಂದದ್ದೇ. ಕೊಡುವವರು ಕೊಟ್ಟು, ಪಡೆಯುವವರು ಪಡೆದು, ಉಪನೋಂದಣಾಧಿಕಾರಿ ಕಚೇರಿಯಲ್ಲಿ ಪತ್ರ ನೋಂದಣಿ ಮಾಡಿಸಿದರೆ, ಬೇರೆ ಸಾಕ್ಷ್ಯ ಬಂದು ಅಲ್ಲಗಳೆಯುವವರೆಗೆ ನ್ಯಾಯಾಲಯ ಆ ದತ್ತಕವನ್ನು ಸರಿಯೆಂದೇ ಭಾವಿಸುತ್ತದೆ. ಮದುವೆಯಾದ ಹೆಂಗಸು ತನ್ನ ಹೆಸರಿನಲ್ಲಿ ದತ್ತು ಪಡೆಯುವ ಹಕ್ಕು ಮಾತ್ರ 2010ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಮುಸ್ಲಿಂ, ಕ್ರೈಸ್ತ, ಪಾರ್ಸಿ ಕುಟುಂಬಗಳಿಗೆ ಉಳಿದದ್ದು 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆ. ಅದರಡಿ ಮಗುವಿಗೆ ಪೋಷಕರಾಗಬಹುದಿತ್ತು, ತಂದೆತಾಯಿ ಆಗುವಂತಿರಲಿಲ್ಲ. ಎಲ್ಲ ಧರ್ಮದವರಿಗೂ ಒಂದೇ ದತ್ತು ಕಾನೂನು ತರಲು 1972ರಲ್ಲಿ ಮಂಡಿಸಿದ ಮಸೂದೆಯನ್ನು 1978ರಲ್ಲಿ ಹಿಂಪಡೆಯಲಾಯಿತು, 1980ರದ್ದೂ ಕಾನೂನಾಗಲಿಲ್ಲ.

ತಿರುವು ಬಂದದ್ದು ಒಂದು ಪತ್ರದಿಂದ. ವಿದೇಶಿಯರಿಗೆ ಭಾರತದ ಮಕ್ಕಳನ್ನು ಕೊಡಿಸುವ ಸಂಸ್ಥೆಗಳು ಅಕ್ರಮ ನಡೆಸುತ್ತಿವೆ ಎಂದು ವಕೀಲ ಲಕ್ಷ್ಮೀಕಾಂತ ಪಾಂಡೆ ಸುಪ್ರೀಂ ಕೋರ್ಟ್‌ಗೆ ಬರೆದರು. ಅದನ್ನೇ ಅರ್ಜಿಯಾಗಿ ಪರಿಗಣಿಸಿ ನ್ಯಾಯಮೂರ್ತಿ ಪಿ.ಎನ್. ಭಗವತಿ 1984ರ ಫೆಬ್ರುವರಿಯಲ್ಲಿ ವಿಸ್ತಾರವಾದ ತೀರ್ಪು ಕೊಟ್ಟರು. ದತ್ತು ಪಡೆಯುವವರ ಮನೆ ಪರಿಸ್ಥಿತಿಯ ವರದಿ, ಮಗುವಿನ ಅಧ್ಯಯನ ವರದಿ, ಮಾನ್ಯತೆ ಪಡೆದ ಸಂಸ್ಥೆಯ ಮೂಲಕವೇ ವ್ಯವಹಾರ, ಪರಿಶೀಲಕ ಸಂಸ್ಥೆಯ ಅಭಿಪ್ರಾಯ, ನಿಜವಾಗಿ ತಗಲಿದ ವೆಚ್ಚಕ್ಕಷ್ಟೇ ಸೀಮಿತವಾದ ಶುಲ್ಕ: ಇಂದಿನ ಕಡತದ ಮುಕ್ಕಾಲು ಪಾಲು ಹುಟ್ಟಿದ್ದು ಅಲ್ಲಿ. ಆ ತೀರ್ಪಿನ ಫಲವಾಗಿ 1990ರಲ್ಲಿ ಕಾರಾ ಸ್ಥಾಪನೆಯಾಯಿತು. ಆದರೂ 1999 ಮತ್ತು 2001ರಲ್ಲಿ ಅಂದಿನ ಆಂಧ್ರಪ್ರದೇಶದಲ್ಲಿ, ಬಡ ಲಂಬಾಣಿ ತಾಂಡಾಗಳಿಂದ ಶಿಶುಗಳನ್ನು ಕೊಂಡು ದತ್ತು ಕೇಂದ್ರಗಳಿಗೆ ಸೇರಿಸಿದ ಜಾಲ ಬಯಲಾಯಿತು. ಅಲ್ಲಿ ಕಾಗದಕ್ಕೆ ಕೊರತೆ ಇರಲಿಲ್ಲ. ಮಗುವನ್ನು ಒಪ್ಪಿಸಿದ ಪತ್ರದಲ್ಲಿ ತಾಯಿಯ ಹೆಬ್ಬೆಟ್ಟೂ ಇರುತ್ತಿತ್ತು. ಆ ಹೆಬ್ಬೆಟ್ಟು ಯಾವ ಸ್ಥಿತಿಯಲ್ಲಿ ಬಿತ್ತು ಎಂಬುದನ್ನು ಯಾರೂ ಕೇಳಿರಲಿಲ್ಲ.

ಈ ಕಹಿಯ ಹಿನ್ನೆಲೆಯಲ್ಲಿಯೇ ಮುಂದಿನ ಕಾನೂನುಗಳನ್ನು ಓದಬೇಕು. ಬಾಲನ್ಯಾಯ ಕಾಯ್ದೆ 2000ದಲ್ಲಿ ಬಂದು, 2006ರಲ್ಲಿ ತಿದ್ದುಪಡಿಯಾಗಿ ಧರ್ಮಭೇದವಿಲ್ಲದ ದತ್ತು ವಿಧಾನವೊಂದನ್ನು ಕೊಟ್ಟಿತು; ಯಾವ ಧರ್ಮದವರೂ ಇದನ್ನು ಆರಿಸಿಕೊಳ್ಳಬಹುದೆಂದು 2014ರಲ್ಲಿ ಶಬನಂ ಹಾಶ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಅಂತರದೇಶೀಯ ದತ್ತಿನ ಹೇಗ್ ಒಪ್ಪಂದವನ್ನು ಭಾರತ 2003ರಲ್ಲಿ ಅನುಮೋದಿಸಿತು. 2015ರ ಹೊಸ ಕಾಯ್ದೆಯ ಪ್ರಕಾರ ಹೆತ್ತವರು ಮಗುವನ್ನು ಒಪ್ಪಿಸಿದರೆ ಮನಸ್ಸು ಬದಲಿಸಲು ಅವರಿಗೆ 60 ದಿನಗಳ ಕಾಲಾವಕಾಶವಿದೆ. ತೊಟ್ಟಿಲಲ್ಲಿಯೋ ಬಸ್ ನಿಲ್ದಾಣದಲ್ಲಿಯೋ ಸಿಕ್ಕ ಮಗುವಾದರೆ ಹೆತ್ತವರ ಹುಡುಕಾಟ, ಪತ್ರಿಕಾ ಪ್ರಕಟಣೆ, ಪೊಲೀಸ್ ವರದಿ ಎಲ್ಲ ಮುಗಿದ ಮೇಲೆ, ಎರಡು ವರ್ಷದೊಳಗಿನ ಮಗುವಿಗೆ ಎರಡು ತಿಂಗಳಲ್ಲಿ, ಅದಕ್ಕಿಂತ ದೊಡ್ಡ ಮಗುವಿಗೆ ನಾಲ್ಕು ತಿಂಗಳಲ್ಲಿ ಮಕ್ಕಳ ಕಲ್ಯಾಣ ಸಮಿತಿಯು ‘ದತ್ತಿಗೆ ಕಾನೂನುಬದ್ಧವಾಗಿ ಮುಕ್ತ’ ಎಂದು ಘೋಷಿಸಬೇಕು.

ನನ್ನ ಅಭಿಪ್ರಾಯದಲ್ಲಿ ಇಡೀ ವ್ಯವಸ್ಥೆಯ ಗಂಟು ಬಿದ್ದಿರುವುದು ಇಲ್ಲಿ. ಪೋಷಕರಾಗಲಿರುವವರ ದಾಖಲೆಗಳ ಬಗ್ಗೆ ಎಷ್ಟೇ ಗೊಣಗಿದರೂ ಅವು ಕೆಲವು ತಿಂಗಳಲ್ಲಿ ಮುಗಿಯುತ್ತವೆ; ಗೃಹ ಅಧ್ಯಯನ ವರದಿ, ಅಂದರೆ ಮನೆ ಪರಿಸ್ಥಿತಿಯ ವರದಿ, ಒಮ್ಮೆ ಆದರೆ 2022ರ ನಿಯಮಾವಳಿಯಂತೆ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ಮಗುವಿನ ಕಡೆಯ ಕಾಗದ ಸಿದ್ಧವಾಗದೆ ಸರತಿ ಮುಂದೆ ಸರಿಯುವುದಿಲ್ಲ. ದೇಶದೊಳಗಿನ ದತ್ತುಗಳು 2010ರಲ್ಲಿ 5,693 ಇದ್ದವು. 2021-22ರಲ್ಲಿ 2,991ಕ್ಕೆ ಇಳಿದು, 2024-25ರಲ್ಲಿ 4,155ಕ್ಕೆ ಚೇತರಿಸಿಕೊಂಡವು. ಅದೇ ಹೊತ್ತಿಗೆ ನೋಂದಾಯಿಸಿ ಕಾಯುತ್ತಿರುವವರು 30,000ಕ್ಕೂ ಹೆಚ್ಚು. ಚಿಕ್ಕ, ಆರೋಗ್ಯವಂತ ಮಗುವಿಗಾಗಿ ಮೂರು ವರ್ಷ ದಾಟುವುದು ಸಾಮಾನ್ಯ. ಇತ್ತ ಪಾಲನಾ ಸಂಸ್ಥೆಗಳಲ್ಲಿ ವರ್ಷಗಟ್ಟಲೆ ಉಳಿದ, ಯಾರೂ ನೋಡಲು ಬಾರದ ಮಕ್ಕಳಿದ್ದಾರೆ. ಹೆತ್ತವರು ಹೆಸರಿಗೆ ಇದ್ದಾರೆ ಎಂಬ ಒಂದೇ ಕಾರಣಕ್ಕೆ ಅವರ ಕಡತ ಸಮಿತಿಯ ಮೇಜಿಗೆ ಬರುವುದೇ ಇಲ್ಲ. ದತ್ತು ಪ್ರಕ್ರಿಯೆ ಸರಳವಾಗಬೇಕೆಂಬ ಅರ್ಜಿಯ ವಿಚಾರಣೆಯಲ್ಲಿ 2023ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ನಿರ್ದೇಶನ ಕೊಡಬೇಕಾಗಿ ಬಂದದ್ದೂ ಅಂಥ ಮಕ್ಕಳನ್ನು ಗುರುತಿಸಿ ದಾಖಲಿಸುವ ವಿಷಯಕ್ಕೇ. ನ್ಯಾಯಾಲಯದಲ್ಲಿ ಆಗುತ್ತಿದ್ದ ಅಂತಿಮ ಆದೇಶವನ್ನು 2021ರ ತಿದ್ದುಪಡಿ ಜಿಲ್ಲಾಧಿಕಾರಿಗೆ ವಹಿಸಿ, 2022ರ ಸೆಪ್ಟೆಂಬರ್‌ನಿಂದ ಜಾರಿಗೆ ಬಂತು. ಅದು ಕೊನೆಯ ಮೆಟ್ಟಿಲನ್ನು ತಗ್ಗಿಸಿತು, ಅಷ್ಟೆ.

ಸರತಿ ಉದ್ದವಾದಷ್ಟೂ ಅಡ್ಡದಾರಿಯ ಸೆಳೆತ ಹೆಚ್ಚು. ಇನ್ನೂ ಹುಟ್ಟದ ಮಗುವನ್ನು ದತ್ತು ಕೊಡುವುದಾಗಿ ಎರಡು ಕುಟುಂಬಗಳು ಬರೆದುಕೊಂಡ ಒಪ್ಪಂದವೊಂದು 2022ರಲ್ಲಿ ಕರ್ನಾಟಕ ಹೈಕೋರ್ಟ್ ಮುಂದೆ ಬಂದಾಗ, ಇಂಥ ಒಪ್ಪಂದಕ್ಕೆ ಕಾನೂನಿನಲ್ಲಿ ಜಾಗವೇ ಇಲ್ಲವೆಂದು ನ್ಯಾಯಾಲಯ ಹೇಳಿತು. ಅನಾಥ, ಪರಿತ್ಯಕ್ತ ಅಥವಾ ಒಪ್ಪಿಸಲ್ಪಟ್ಟ ಮಗುವನ್ನು ನಿಗದಿತ ವಿಧಾನ ಬಿಟ್ಟು ದತ್ತು ಕೊಟ್ಟರೆ ಅಥವಾ ಪಡೆದರೆ ಮೂರು ವರ್ಷದವರೆಗೆ ಶಿಕ್ಷೆಯಿದೆ. ಮಗುವನ್ನು ಮಾರಿದವರಿಗೂ ಕೊಂಡವರಿಗೂ ಐದು ವರ್ಷದವರೆಗೆ. ಇನ್ನು ಊರಿನಲ್ಲಿ ದತ್ತಹೋಮ ಮಾಡಿ ತಂಗಿಯ ಮಗುವನ್ನು ಪಡೆದು ವಿದೇಶಕ್ಕೆ ಕರೆದೊಯ್ಯಲು ಹೊರಟ ಕನ್ನಡಿಗರಿಗೆ ವೀಸಾ ಹಂತದಲ್ಲಿ ದಾರಿ ಮುಚ್ಚುತ್ತಿತ್ತು. ಅಂಥವರಿಗಾಗಿ ಜಿಲ್ಲಾಡಳಿತ ಪರಿಶೀಲಿಸಿ ಕಾರಾ ನಿರಾಕ್ಷೇಪಣಾ ಪತ್ರ ಕೊಡುವ ವ್ಯವಸ್ಥೆ 2021ರಲ್ಲಷ್ಟೇ ಬಂತು.

ಹಣದ ಮಾತಿಗೆ ಬರೋಣ. 2017ರ ನಿಯಮಾವಳಿಯಲ್ಲಿ ನಿಗದಿಯಾದ ಶುಲ್ಕ ಹೀಗಿತ್ತು: ಗೃಹ ಅಧ್ಯಯನಕ್ಕೆ 6,000 ರೂಪಾಯಿ, ದತ್ತು ಕೇಂದ್ರದ ಮಕ್ಕಳ ಪಾಲನಾ ನಿಧಿಗೆ 40,000, ದತ್ತಿನ ನಂತರ ಎರಡು ವರ್ಷ ಆರು ತಿಂಗಳಿಗೊಮ್ಮೆ ನಡೆಯುವ ಭೇಟಿಗೆ ತಲಾ 2,000. ವಿದೇಶದಿಂದ ದತ್ತು ಪಡೆಯುವವರಿಗೆ 5,000 ಡಾಲರ್. ಮಧ್ಯಮವರ್ಗದವರಿಗೆ ಇದು ಭರಿಸಬಹುದಾದ ಮೊತ್ತ. ಗಾರ್ಮೆಂಟ್ಸ್‌ನಲ್ಲಿ ದುಡಿಯುವ ದಂಪತಿಗೆ ಹಲವು ತಿಂಗಳ ಉಳಿತಾಯ. ರಸೀದಿಯಿಲ್ಲದ ಖರ್ಚು ಬೇರೆ. ಮಗು ಸಿಗುವುದು ಬೀದರಿನಲ್ಲಾಗಬಹುದು, ಒಡಿಶಾದಲ್ಲಾಗಬಹುದು; ಮಗುವಿನ ವಿವರ ಬಂದ 48 ಗಂಟೆಗಳೊಳಗೆ ಒಪ್ಪಿಗೆ ತಿಳಿಸಿ, ಕೆಲವೇ ದಿನಗಳಲ್ಲಿ ರಜೆ ಹಾಕಿ ಹೊರಡಬೇಕು. ವಿಶೇಷ ಅಗತ್ಯವಿರುವ ಮಗುವಾದರೆ ಶಸ್ತ್ರಚಿಕಿತ್ಸೆ, ಥೆರಪಿಗಳ ಖರ್ಚು ಮನೆಯವರದೇ. ಮಗು ದತ್ತಾಗದೆ ಬೇರೊಂದು ಕುಟುಂಬದ ಪೋಷಕತ್ವದ ಆರೈಕೆಯಲ್ಲಿದ್ದರೆ (ಫಾಸ್ಟರ್ ಕೇರ್) ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಡಿ ತಿಂಗಳಿಗೆ 4,000 ರೂಪಾಯಿ ನೆರವು ಉಂಟು. ದತ್ತು ಪೂರ್ಣವಾದೊಡನೆ ಆ ನೆರವಿಗೆ ಮಗು ಹೊರಗಿನದಾಗುತ್ತದೆ. ಎಲ್ಲರಿಗಿಂತ ಕಡಿಮೆ ಕೇಳಲ್ಪಡುವ ಮಕ್ಕಳಿಗೆ ಕುಟುಂಬ ಸಿಗಬೇಕೆಂದಾದರೆ ಈ ಕಡಿತವನ್ನು ಸಮರ್ಥಿಸುವುದು ಕಷ್ಟ.

ರಜೆಯ ವಿಷಯದಲ್ಲಿ ಒಂದು ಕಾನೂನು ಇನ್ನೊಂದನ್ನು ಓದದೆಯೇ ಬರೆದಂತಿತ್ತು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ದತ್ತು ತಾಯಿಗೆ 12 ವಾರಗಳ ಸಂಬಳಸಹಿತ ರಜೆ ಕೊಟ್ಟಿತು, ಆದರೆ ಮಗು ಮೂರು ತಿಂಗಳೊಳಗಿನದಾಗಿರಬೇಕೆಂಬ ಷರತ್ತಿನೊಂದಿಗೆ. ಒಪ್ಪಿಸುವಿಕೆಯ 60 ದಿನ, ಸಮಿತಿಯ ಘೋಷಣೆ, ಮಗುವಿಗೆ ತಕ್ಕ ಪೋಷಕರ ಹೊಂದಾಣಿಕೆ ಎಲ್ಲ ಸೇರಿದರೆ ಮೂರು ತಿಂಗಳೊಳಗಿನ ಮಗು ಮನೆ ತಲುಪುವುದು ವಿರಳ. ಈ ಷರತ್ತನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ್ದು ಇಬ್ಬರು ಮಕ್ಕಳನ್ನು ದತ್ತು ಪಡೆದ ಒಬ್ಬ ತಾಯಿ.

ಜಿಲ್ಲಾಧಿಕಾರಿಯ ಆದೇಶ ಕೈಗೆ ಬಂದ ಮೇಲೂ ಒಂದು ಕಚೇರಿ ಬಾಕಿ ಇರುತ್ತದೆ: ದತ್ತು ತಂದೆತಾಯಿಯ ಹೆಸರಿರುವ ಜನನ ಪ್ರಮಾಣಪತ್ರ. 2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಶಾಲೆ ಸೇರುವುದರಿಂದ ಪಾಸ್‌ಪೋರ್ಟ್‌ವರೆಗೆ ಹುಟ್ಟಿದ ದಿನ ಮತ್ತು ಸ್ಥಳಕ್ಕೆ ಅದೊಂದೇ ಆಧಾರ. ಜನನ ಮರಣ ನೋಂದಣಿ ಕಾಯ್ದೆಯ ಅದೇ ತಿದ್ದುಪಡಿ ದತ್ತು ಮಕ್ಕಳ, ಅನಾಥ ಮಕ್ಕಳ, ಒಂಟಿ ಪೋಷಕರ ಮಕ್ಕಳ ನೋಂದಣಿಗೂ ಅವಕಾಶ ಕಲ್ಪಿಸಿದೆ. ಅದು ಪಟ್ಟಣ ಪಂಚಾಯಿತಿಯ ಜನನ ನೋಂದಣಿ ಗುಮಾಸ್ತರವರೆಗೆ ಇಳಿದಿದೆಯೇ ಎಂಬುದು, ‘ಹೆತ್ತ ತಾಯಿಯ ಆಸ್ಪತ್ರೆ ಚೀಟಿ ತನ್ನಿ’ ಎಂದು ಅಲ್ಲಿ ಯಾರೂ ಕೇಳದ ದಿನ ಗೊತ್ತಾಗುತ್ತದೆ.