ಪಾತ್ರ ಯಾವುದು ಅಂತ ಮೊದಲು ಹೇಳಿ, ಆ್ಯಕ್ಸೆಂಟ್ ಆಮೇಲೆ

"ಪ್ರಿಯಾಂಕಾ ಚೋಪ್ರಾ ಗತೆ ಇಂಗ್ಲಿಷ್ ಬರಬೇಕ್ರಿ ಮೇಡಂ. ಎಷ್ಟ್ ತಿಂಗಳು ಹಿಡೀತೈತಿ?" ಧಾರವಾಡದಲ್ಲಿ ನಟನೆಗೆ ಬೇಕಾದ ಮಾತಿನ ತರಬೇತಿ ಕೊಡುವ ನನಗೆ ಈ ಪ್ರಶ್ನೆ ಮಾಮೂಲಾಗಿದೆ. ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ ಬರುವ ಹುಡುಗಿಯರದೂ ಇದೇ, ಜೊತೆಗೆ ಬರುವ ಅಪ್ಪಂದಿರದೂ ಇದೇ. ನಟನೆಯ ಬಗ್ಗೆ ಯಾರೂ ಕೇಳುವುದಿಲ್ಲ.

ಸರಿ, ಪ್ರಿಯಾಂಕಾ ಅವರನ್ನೇ ತೆಗೆದುಕೊಳ್ಳೋಣ. ಹದಿಹರೆಯದ ಕೆಲವು ವರ್ಷ ಅವರು ಓದಿದ್ದೇ ಅಮೆರಿಕದ ಶಾಲೆಗಳಲ್ಲಿ. 2015ರಲ್ಲಿ ಶುರುವಾದ 'ಕ್ವಾಂಟಿಕೋ' ಧಾರಾವಾಹಿಯ ಅಲೆಕ್ಸ್ ಪ್ಯಾರಿಶ್ ಅಮೆರಿಕದ ಹೆಣ್ಣುಮಗಳು, ಅಲ್ಲಿನ ತನಿಖಾ ಸಂಸ್ಥೆ ಎಫ್‌ಬಿಐ ಸೇರಿದವಳು. ಆ ಪಾತ್ರಕ್ಕೆ ಅಮೆರಿಕದ ಧಾಟಿ, ಅಂದರೆ ಆ್ಯಕ್ಸೆಂಟ್, ಬೇಕಿತ್ತು, ಬಂತು. ಅಷ್ಟೇ.

ಈಗ ಟಬು ಅವರನ್ನು ನೋಡಿ. ಮೀರಾ ನಾಯರ್ ನಿರ್ದೇಶನದ 'ದಿ ನೇಮ್‌ಸೇಕ್' 2006ರದು. ಕೋಲ್ಕತ್ತಾದ ಆಶಿಮಾ ಮದುವೆಯಾಗಿ ಅಮೆರಿಕಕ್ಕೆ ಹೋಗುತ್ತಾಳೆ. ಮಕ್ಕಳು ಅಲ್ಲೇ ಹುಟ್ಟಿ ಅಲ್ಲಿಯವರೇ ಆಗುತ್ತಾರೆ, ಅವಳ ಮಾತು ಮಾತ್ರ ಬಂಗಾಳದ್ದೇ. ಟಬು ಅಲ್ಲಿ ನ್ಯೂಯಾರ್ಕಿನವರ ಹಾಗೆ ಮಾತಾಡಿದ್ದರೆ ಪಾತ್ರ ಅಲ್ಲೇ ಸತ್ತುಹೋಗುತ್ತಿತ್ತು.

ಇನ್ನೂ ಒಳ್ಳೆಯ ಪಾಠ ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ ಅವರದು. 2004ರ 'ಬ್ರೈಡ್ ಆ್ಯಂಡ್ ಪ್ರೆಜುಡಿಸ್'ನಲ್ಲಿ ಅವರು ಅಮೃತಸರದ ಲಲಿತಾ. ಅಮೆರಿಕದಿಂದ ಬಂದ ಹುಡುಗನಿಗೆ ಇಂಗ್ಲಿಷಿನಲ್ಲೇ ಎದುರುತ್ತರ ಕೊಡುವವಳು. 2006ರ 'ಪ್ರೊವೋಕ್ಡ್'ನಲ್ಲಿ ಅವರೇ ಕಿರಣ್‌ಜಿತ್ ಅಹ್ಲುವಾಲಿಯಾ. ಬ್ರಿಟನ್ನಿನಲ್ಲಿ ಗಂಡನ ಹೊಡೆತ ತಿನ್ನುವ, ಇಂಗ್ಲಿಷ್ ಸರಿಯಾಗಿ ಬಾರದ ಪಂಜಾಬಿ ಹೆಂಗಸು. ನಟಿ ಒಬ್ಬರೇ, ಎರಡೂ ಇಂಗ್ಲಿಷ್ ಚಿತ್ರ, ಮಾತು ಮಾತ್ರ ಬೇರೆ ಬೇರೆ. ಎರಡನ್ನೂ ಒಂದೇ ದಿನ ನೋಡಿ, ಆಮೇಲೆ ನನ್ನ ಹತ್ತಿರ ಬನ್ನಿ ಅನ್ನುತ್ತೇನೆ. ನೋಡಿ ಬರುವವರು ಕಡಿಮೆ.

(1979ರ 'ಸ್ಟಾರ್ ಟ್ರೆಕ್' ಚಿತ್ರಕ್ಕೆ ನಮ್ಮ ದೇಶದ ನಟಿ ಪರ್ಸಿಸ್ ಖಂಬಾಟಾ ತಲೆಯನ್ನೇ ಬೋಳಿಸಿಕೊಂಡಿದ್ದರು. ಬೇರೆ ಗ್ರಹದ ಹೆಣ್ಣಿನ ಪಾತ್ರ. ಅದಕ್ಕೆ ಯಾವ ಊರಿನ ಆ್ಯಕ್ಸೆಂಟ್ ಕಲಿಸೋಣ ಹೇಳಿ!)

ಹಾಗಾದರೆ ನಾನು ಏನು ಕಲಿಸುತ್ತೇನೆ? ಒತ್ತು. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಕನ್ನಡದಲ್ಲಿ ನಾವು ಎಲ್ಲ ಅಕ್ಷರಕ್ಕೂ ಹೆಚ್ಚುಕಡಿಮೆ ಸಮ ಬಲ ಹಾಕುತ್ತೇವೆ. ಇಂಗ್ಲಿಷಿನಲ್ಲಿ ಒಂದು ಕಡೆ ಬಲ ಬಿದ್ದರೆ ಪಕ್ಕದ್ದು ಕುಗ್ಗುತ್ತದೆ. 'ಫೋಟೋಗ್ರಾಫ್' ಅಂದಾಗ ಒತ್ತು 'ಫೋ' ಮೇಲೆ. 'ಫೋಟೋಗ್ರಾಫರ್' ಅಂದಾಗ ಅದು 'ಟೋ' ಮೇಲೆ ಜಿಗಿಯುತ್ತದೆ, ಮೊದಲಿನ 'ಫೋ' ಬರೀ 'ಫ' ಆಗುತ್ತದೆ. ಹೊರದೇಶದ ಕಿವಿ ಈ ಒತ್ತನ್ನು ಹಿಡಿದೇ ಮಾತು ತಿಳಿದುಕೊಳ್ಳುವುದು ಜಾಸ್ತಿ. ಇದನ್ನು ಬಿಟ್ಟು ಸುಮ್ನೆ 'ರ್‍ರ್' ಅಂತ ನಾಲಿಗೆ ಸುತ್ತಿ ಮೂಗಿನಲ್ಲಿ ಮಾತಾಡಿದರೆ ಅಮೆರಿಕದವರಿಗೂ ತಿಳಿಯುವುದಿಲ್ಲ, ನಮಗೂ ತಿಳಿಯುವುದಿಲ್ಲ. ಒತ್ತು ಸರಿಯಿದ್ದರೆ ನಿಮ್ಮ ಗದಗಿನ ಧಾಟಿ ಹಾಗೇ ಇರಲಿ, ತೊಂದರೆಯಿಲ್ಲ.

ರಾಣೆಬೆನ್ನೂರಿನ ಒಬ್ಬ ಹುಡುಗಿ ಆಡಿಷನ್ ವಿಡಿಯೊ ಮಾಡಿಕೊಂಡು ಬಂದಿದ್ದಳು. ಪಾತ್ರ ಹಳ್ಳಿ ಆಸ್ಪತ್ರೆಯ ನರ್ಸ್. ಮಾತು ಕ್ಯಾಲಿಫೋರ್ನಿಯಾದ್ದು! "ಯಾಕವ್ವ ಹಿಂಗ?" ಅಂದೆ. "ಇಂಗ್ಲಿಷ್ ಪಿಚ್ಚರ್ ಅಲ್ರಿ ಮೇಡಂ" ಅಂದಳು. ಅವಳ ಅತ್ತೆಯೇ ನರ್ಸ್ ಅಂತೆ. ಅತ್ತೆ ಡಾಕ್ಟರ ಜೊತೆ ಹೇಗೆ ಇಂಗ್ಲಿಷ್ ಮಾತಾಡುತ್ತಾರೆ, ಮಾಡಿ ತೋರಿಸು ಅಂದೆ. ನಗುತ್ತಾ ಮಾಡಿದಳು. ಎಷ್ಟು ಚೆಂದ ಇತ್ತು ಅಂದರೆ, ಅದನ್ನೇ ಮತ್ತೆ ಶೂಟ್ ಮಾಡಿ ಕಳಿಸಿದೆವು. ಆಯ್ಕೆ ಆಗುತ್ತದೆ ಅಂತ ನಾನು ಯಾರಿಗೂ ಮಾತು ಕೊಡುವುದಿಲ್ಲ, ಅವಳಿಗೂ ಕೊಡಲಿಲ್ಲ. ಅದು ನನ್ನ ಕೈಯಲ್ಲಿಲ್ಲ.

ಒಂದು ಮಾತು ಸೇರಿಸಬೇಕು. ದೊಡ್ಡ ಚಿತ್ರಗಳಲ್ಲಿ ಪಾತ್ರ ಸಿಕ್ಕ ಮೇಲೆ ಬೇಕಾದ ಧಾಟಿ ಕಲಿಸಲು ನಿರ್ಮಾಪಕರೇ ಕೋಚ್ ಇಡುವುದುಂಟು. ಸಣ್ಣ ಪಾತ್ರಕ್ಕೆ ಇಡದೇ ಇರಬಹುದು. ಆಗ ಸ್ಕ್ರಿಪ್ಟ್ ತೆಗೆದುಕೊಂಡು ಬನ್ನಿ, ಪಾತ್ರ ಯಾವ ಊರಿನದು, ಎಷ್ಟು ಓದಿದ್ದು ಅಂತ ನೋಡಿ ಕೆಲಸ ಶುರು ಮಾಡೋಣ. ಸ್ಕ್ರಿಪ್ಟ್ ಇಲ್ಲದೆ ಅಮೆರಿಕನ್ ಆ್ಯಕ್ಸೆಂಟ್ ಒಂದನ್ನೇ ಕೇಳಿಕೊಂಡು ಬಂದರೆ ನಾನು ಫೀಸ್ ತೆಗೆದುಕೊಳ್ಳುವುದಿಲ್ಲ, ಕಲಿಸುವುದೂ ಇಲ್ಲ.